ಹೊಳೆ ತಿನ್ನದ ಬುತ್ತಿ

ಅಕ್ಕನ ಬಯಕೆಯ ಬುತ್ತಿಯನ್ನು ನಾನು ಅಕ್ಕನಿಗೆ ಮುಟ್ಟಿಸಲಿಲ್ಲ. ಕಟ್ಟೆಮಳಲವಾಡಿಯಲ್ಲಿ ಅವ್ವ ಕೋಳಿ ಕೂಗುವ ಮೊದಲೇ ಎದ್ದು, ಬಾಳೆಯೆಲೆ ಹಾಸಿದ ಬಿದಿರು ಕುಕ್ಕೆಯಲ್ಲಿ ಹುಳಿಯನ್ನ, ಕಜ್ಜಾಯ, ಎಳ್ಳಿನ ಚಿಗಳಿ ತುಂಬಿ, ಮಡಿಬಟ್ಟೆಯಲ್ಲಿ ಗಂಟು ಕಟ್ಟಿ ನನ್ನ ತಲೆಯ ಮೇಲಿಟ್ಟಿದ್ದಳು. ನಮ್ಮ ಮನೆತನದಲ್ಲಿ ಬಸುರಿ ಮಗಳಿಗೆ ತವರಿನ ಬುತ್ತಿಯನ್ನು ಒಡಹುಟ್ಟಿದವನೇ ಹೊರಬೇಕು. ಅದು ಬಂದು, ಕೇರಿಯ ಹೆಂಗಸರಿಗೆಲ್ಲ ಹಂಚಿದ ಮೇಲೆಯೇ ಅವಳು ಅಂದು ಮಧ್ಯಾಹ್ನ ಬಾಯಿಗೆ ತುತ್ತಿಡಬೇಕು. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವನಾದರೂ, ಗೆಳೆಯರೇ, ಇಷ್ಟು ನನಗೆ ಚೆನ್ನಾಗಿಯೇ ಗೊತ್ತಿತ್ತು.

ಹುಣಸೂರಿನಲ್ಲಿ ಅಕ್ಕನ ಊರಾದ ಹನಗೋಡಿನ ಬಸ್ಸಿಗೆ ಕಾದು ನಿಂತಿದ್ದಾಗ ಒಂದು ಕಾರು ಬಂದು ನಿಂತಿತು. ಒಳಗೆ ನನ್ನ ಗರಡಿಯ ಗೆಳೆಯ ರಾಜಶೇಖರ. ಪಕ್ಕದಲ್ಲಿ ಅವನ ಸ್ನೇಹಿತ, ಕೊಡಗಿನ ಕಾಫಿತೋಟದ ಪೊನ್ನಪ್ಪ.

“ಕಾರು ಅತ್ತಲಾ ಶಿವಣ್ಣ! ಊಟ ಮಾಡ್ಕೊಂಡು ಹನಗೋಡಿಗೆ ನಾವೇ ಬುಡ್ತೀವಿ. ಬಸ್ಸಿಗಿಂತ ಮುಂಚೇನೇ ಓಗ್ತೀಯ,” ಎಂದ ರಾಜಶೇಖರ.

ಮಡಿಕೇರಿ ರಸ್ತೆಯಲ್ಲಿ, ದೊರೆಗಳ ಬಂಗಲೆಯಲ್ಲಿ ಬಟ್ಲರನಾಗಿದ್ದ ಮುದುಕನೊಬ್ಬ ತೋಟದ ಸಾಹುಕಾರರಿಗೆಂದೇ ಒಂದು ಊಟದ ಮನೆ ಇಟ್ಟಿದ್ದ. ಮೇಜಿಗೆ ಬಿಳಿಯ ಬಟ್ಟೆ ಹೊದಿಸಿದ್ದನ್ನು ಕಂಡು, ಅದನ್ನು ಕೊಳೆ ಮಾಡಬಾರದೆಂದು ನಾನು ಕೈಯನ್ನು ತೊಡೆಯ ಮೇಲೆಯೇ ಇಟ್ಟುಕೊಂಡೆ. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಅಂಗಿಯೊಳಗೆ ತಳ್ಳಿಕೊಂಡೆ. ಪೊನ್ನಪ್ಪ ತನ್ನ ಕಾರಿನಿಂದಲೇ ಫ್ರಾನ್ಸಿನ ವೈನು ತರಿಸಿದ. ಬಟ್ಲರು ಮೊದಲು ನನ್ನ ಲೋಟಕ್ಕೆ ರುಚಿ ನೋಡಲೆಂದು ಒಂದು ಗುಟುಕಿನಷ್ಟೇ ಬಿಟ್ಟ. ನನ್ನ ಪಾಲಿಗೆ ಬಂದದ್ದು ಅಷ್ಟೇ ಎಂದುಕೊಂಡು, ಪಂಚಾಮೃತದಂತೆ ಅಂಗೈಗೆ ಸುರಿದುಕೊಂಡು ಕುಡಿದು, ಉಳಿದ ಒದ್ದೆಯನ್ನು ತಲೆಗೆ ಸವರಿಕೊಂಡೆ.

ಅವರು ನಕ್ಕ ನಗೆಗೆ ಲೋಟಗಳೇ ಅಲುಗಿದವು. ಆಮೇಲೆ ಸೂಪು ಬಂತು, ಬಣ್ಣ ಕಟ್ಟಿದ ಬಿಸಿನೀರು. ಬೇಯಿಸಿದ ಬಟಾಣಿ ಬಂತು. ನನ್ನ ಮುಳ್ಳುಚಮಚಕ್ಕೆ ಹೆದರಿ ಅದು ಮೇಜಿನ ಉದ್ದಕ್ಕೂ ಓಡಿತು. “ಗರಡೀಲಿ ಎಂಥೆಂಥೋರ್ನ ಕೆಡವ್ದೋನು, ಒಂದು ಕಾಳು ಇಡಿಯಕ್ಕಾಗ್ಲಿಲ್ವೇನ್ಲಾ?” ಎಂದ ರಾಜಶೇಖರ. ಮನುಷ್ಯನಿಗೆ ಹಸಿವಿಗಿಂತ ಹೆಚ್ಚಾಗಿ ಕೆಡುಕು ಮಾಡುವುದು ಇಂಥ ನಗೆಯೇ ಇರಬೇಕು. ಎಲ್ಲರೂ ಬಲ್ಲ ವಿದ್ಯೆಯೊಂದು ತನಗೆ ಬಾರದಾಗ, ತನ್ನಲ್ಲಿರುವ ಏನನ್ನಾದರೂ ಎತ್ತಿ ತೋರಿಸಬೇಕೆಂದು ಜೀವ ಚಡಪಡಿಸುತ್ತದೆ. ನನ್ನಲ್ಲಿದ್ದದ್ದು ಒಂದೇ. ಯಾರೂ ಕೇಳದಿದ್ದರೂ ಎದ್ದು ಬುತ್ತಿಯ ಗಂಟು ಬಿಚ್ಚಿದೆ.

ಹುಳಿಯನ್ನದ ಘಮ ಏಳುತ್ತಲೇ ನಗೆ ನಿಂತಿತು. “ಇದನ್ನು ಇಷ್ಟು ಹೊತ್ತು ಕಾಲಡಿ ಇಟ್ಟುಕೊಂಡು ನಮಗೆ ಬಿಸಿನೀರು ಕುಡಿಸಿದೆಯಲ್ಲ ಮಾರಾಯ!” ಎಂದು ಪೊನ್ನಪ್ಪ ಕೈಯಲ್ಲೇ ಕಲಸಿದ. ಒಂದು ಗುಟುಕು ವೈನು, ಒಂದು ತುತ್ತು ಹುಳಿಯನ್ನ. ಬಟ್ಲರು ಕೂಡ ಕಜ್ಜಾಯ ಬೇಡಿ ತಿಂದ. ನಾನು ರಾಜನಂತೆ ಬಡಿಸಿದೆ, ಉಂಡೆ, ಎರಡು ಲೋಟ ಕುಡಿದೆ. ಬರಿದಾದ ಬಾಳೆಯೆಲೆ ಕಂಡಾಗ ಮಾತ್ರ ಕುಕ್ಕೆಯನ್ನು ಅಲ್ಲೇ ಮೇಜಿನಡಿಗೆ ತಳ್ಳಿ ಎದ್ದೆ.

ಅವರು ನನ್ನನ್ನು ಹನಗೋಡಿನ ಹೊಳೆಯ ಬಳಿ ಇಳಿಸಿ ಹೋದರು. ಬಾಯಿಯ ವಾಸನೆ ಹೋಗಲೆಂದು ಲಕ್ಷ್ಮಣತೀರ್ಥದಲ್ಲಿ ಬಟ್ಟೆ ಸಮೇತ ಮೂರು ಸಲ ಮುಳುಗಿ, ಬರಿಗೈಯಲ್ಲಿ ತೊಟ್ಟಿಕ್ಕುತ್ತ ಅಕ್ಕನ ಬಾಗಿಲಿಗೆ ಹೋದೆ. ಜಗುಲಿಯ ತುಂಬ ಹೆಂಗಸರು. ಎದುರಿಗೆ ಹಂಚಲೆಂದು ಇಟ್ಟ ಖಾಲಿ ಎಲೆಗಳು. “ತವರಿನ ಬುತ್ತಿ ಎಲ್ಲವ್ವಾ?” ಎಂದು ಅವಳ ಅತ್ತೆ ರಾಗ ಎಳೆದರು.

ಗೌರಕ್ಕ ನನ್ನನ್ನು ನೋಡಿ ಬೆಚ್ಚಿದಳು. “ಅಯ್ಯೋ ಸಿವನೇ, ಒಳೆಗೆ ಬಿದ್ಯೇನ್ಲಾ? ಬುತ್ತಿ ನೀರ್ ಪಾಲಾಯ್ತಾ?”

ನಾನು ಹೌದೆಂದು ತಲೆಯಾಡಿಸಿದೆ.

“ಓಗ್ಲಿ ಬುಡು! ನೀನು ಬದುಕ್ಕಂಡ್ಯಲ್ಲ,” ಎಂದು ಸೆರಗಿನಲ್ಲಿ ನನ್ನ ತಲೆ ಒರೆಸಿದಳು. ಅತ್ತೆಯ ಮೂದಲಿಕೆಯನ್ನು ಕೇಳಿಯೂ ಕೇಳದವಳಂತೆ, ಹಸಿದ ಹೊಟ್ಟೆಯಲ್ಲೇ ಒಲೆ ಹೊತ್ತಿಸಿ ನನಗೆ ಬಿಸಿ ಮುದ್ದೆ ತೊಳಸಿದಳು.

ಆಡಿದ ಸುಳ್ಳನ್ನಾದರೆ ಇನ್ನೊಂದು ಮಾತಿನಿಂದ ಹಿಂದಕ್ಕೆ ಪಡೆಯಬಹುದು. ತಲೆಯಾಡಿಸಿ ಹೇಳಿದ ಸುಳ್ಳನ್ನು ಎಲ್ಲಿ ಹಿಡಿದು ಎಳೆಯುವುದು? ಅದು ಬೆಳೆಯಿತು. ತಮ್ಮನನ್ನು ಉಳಿಸಿಕೊಟ್ಟ ಹೊಳೆಗೆ ಅಕ್ಕ ಹರಕೆ ಹೊತ್ತಿದ್ದಳು. ವರ್ಷವರ್ಷವೂ ಹುಳಿಯನ್ನ ಮಾಡಿ, ನನ್ನನ್ನು ಕರೆಸಿ, ನನ್ನ ಕೈಯಿಂದಲೇ ನೀರಿಗೆ ಬಿಡಿಸಿ ಕೈಮುಗಿಸುತ್ತಿದ್ದಳು. ಹನಗೋಡಿನ ಮೀನುಗಳಿಗೆ ನನ್ನ ಗುರುತು ಸಿಕ್ಕಿಬಿಟ್ಟಿತ್ತು.

ಆರನೆಯ ವರ್ಷ ಅವಳಿಗೆ ಜ್ವರ. ಆದರೂ ಕಂಬಳಿ ಹೊದ್ದು, ನಡುಗುತ್ತ ಬುತ್ತಿ ಹಿಡಿದು ಹೊಳೆಗೆ ಬಂದಳು. ಅವಳು ನೀರಿಗೆ ಕಾಲಿಡುವ ಮೊದಲು ನಾನು ಅಡ್ಡ ನಿಂತೆ. ವೈನು, ಬಟಾಣಿ, ಪೊನ್ನಪ್ಪ, ಎಲ್ಲವನ್ನೂ ಒದರಿದೆ.

ಅಕ್ಕ ಮೊದಲು ನಕ್ಕಳು. “ಐದು ವರ್ಸ ಮೀನ್ಗೆ ಅನ್ನ ಆಕುಸ್ದಲ್ಲೋ, ಮುಟ್ಠಾಳ!” ಆಮೇಲೆ ನಗೆ ಆರಿತು. ಕಲ್ಲಿನ ಮೇಲೆ ಕೂತು ಕೇಳಿದಳು: “ಅವತ್ತು ನಾನು ಅಸ್ಕೊಂಡು ಕೂತಿರ್ತೀನಿ ಅಂತ ನಿಂಗ್ ಗೊತ್ತಿರ್ಲಿಲ್ವಾ?”

ಈ ಸಲ ತಲೆಯಾಡಿಸಲಿಲ್ಲ.

“ಗೊತ್ತಿತ್ತು ಕಣಕ್ಕ. ಗೊತ್ತಿದ್ದೂ ತಿಂದೆ. ತಪ್ಪಾಯ್ತು.”