ಸೋರದ ಕಾರು

ಮನುಷ್ಯನಿಗೂ ಮರಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ, ಮನುಷ್ಯ ತಾನಿರುವ ಜಾಗದಿಂದ ತನ್ನಿಚ್ಛೆಯಂತೆ ಎದ್ದು ಹೋಗಬಲ್ಲ. ಇಪ್ಪತ್ತಾರನೆಯ ವಯಸ್ಸಿನಲ್ಲಿ, ಶಿರ್ವದಿಂದ ಆಚೆ ಗದ್ದೆ ಬದಿಯ ರಸ್ತೆಯಲ್ಲಿ, ಒಂದು ಇಟಾಲಿಯನ್ ಕಾರಿನೊಳಗೆ ಸೀಟು ಮುಳುಗುವಷ್ಟು ನೀರಿನಲ್ಲಿ ಕುಳಿತಿದ್ದಾಗ ಈ ವ್ಯತ್ಯಾಸ ನನಗೆ ಅಷ್ಟಾಗಿ ಎದ್ದು ಕಾಣಲಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಎಂ.ಎಸ್ಸಿ. ಮುಗಿಸಿ ಕಾಪುವಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತ, ಅಮ್ಮನೊಂದಿಗೆ ಸೋದರಮಾವನ ಮನೆಯಲ್ಲಿದ್ದೆ. ಮಾವ ಮೀನಿನ ವ್ಯಾಪಾರಿ. ಮೂರು ದೋಣಿ, ಒಂದು ಲಾರಿ, ಒಬ್ಬ ಅಳಿಯ ಅವರ ಆಸ್ತಿ. ನಮ್ಮ ಕಡೆ ಮಾವನ ಮನೆ ಅಳಿಯನಿಗೆ, ಅಂದರೆ ಸೋದರಿಯ ಮಗನಿಗೆ, ಬರುತ್ತದೆಂದು ಹೊರಗಿನವರು ಹೊಟ್ಟೆಕಿಚ್ಚು ಪಡುವುದುಂಟು. ಅಳಿಯನೂ ಮಾವನ ಮನೆಗೆ ಸಲ್ಲುತ್ತಾನೆ ಎಂಬ ಎರಡನೆಯ ಕಲಮನ್ನು ಅವರು ಓದಿರುವುದಿಲ್ಲ.

ಆ ವರ್ಷ ಮಣಿಪಾಲದ ಕಾಲೇಜೊಂದರಲ್ಲಿ ನನಗೆ ಉಪನ್ಯಾಸಕನ ಕೆಲಸ ಸಿಕ್ಕಿತು. ಜೂನಿನಲ್ಲಿ ಕಾಲೇಜು ತೆರೆಯುವ ಸೋಮವಾರ ಹಾಜರಾಗಬೇಕು. ಇರಲು ಅಲ್ಲಿಯೇ ಒಂದು ಕೋಣೆಯನ್ನೂ ನೋಡಿಟ್ಟಿದ್ದೆ. ಬಾಗಿಲು ಹಾಕಿಕೊಂಡರೆ ಒಳಗೆ ನಾನೊಬ್ಬನೇ ಇರಬಹುದಾದ ಕೋಣೆ. ಮಾವ ನೇಮಕದ ಕಾಗದವನ್ನು ತಿರುಗಿಸಿ, ಹಿಂಬದಿಯಲ್ಲಿ ಏನೂ ಬರೆದಿಲ್ಲವೆಂದು ಖಚಿತಪಡಿಸಿಕೊಂಡು ಹೇಳಿದರು:

"ಹೋಗು. ಬೇಡ ಅಂತ ಯಾರು ಹೇಳಿದ್ದು? ಕಾರು ಒಂದು ಸಲ ಕಾರ್ಕಳಕ್ಕೆ ಹೋಗಿ ಬರಲಿ. ಮತ್ತೆ ಹೋಗು."

ಕಾರ್ಕಳದಲ್ಲಿ ಮಾವನ ಷಡ್ಡಕರಿದ್ದರು. ಎರಡು ವರ್ಷಗಳ ಹಿಂದೆ ಅವರು ಹೊಸ ಕಾರು ಕೊಂಡು, ನಮ್ಮ ಅಂಗಳಕ್ಕೆ ಬಂದು, ಕಾರಣವಿಲ್ಲದೆ ಮೂರು ಸಲ ಹಾರ್ನ್ ಮಾಡಿ ಹೋಗಿದ್ದರು. ಮರುವಾರವೇ ಮಾವ ಲಾರಿಯಲ್ಲಿ ಈ ಇಟಾಲಿಯನ್ ಕಾರನ್ನು ಹೇರಿಕೊಂಡು ಬಂದರು. ಮಣಿಪಾಲದಲ್ಲಿದ್ದ ವಿದೇಶಿ ಡಾಕ್ಟರೊಬ್ಬರು ಸ್ವದೇಶಕ್ಕೆ ಮರಳುವಾಗ ಗೇರುಮರದಡಿ ಬಿಟ್ಟುಹೋದದ್ದು. ಇಬ್ಬರೇ ಕೂರಬಹುದಾದ, ಮೇಲೆ ಮಾಡು, ಅಂದರೆ ಚಾವಣಿ, ಇಲ್ಲದ ಓಟದ ಕಾರು. ಬಣ್ಣ ಕೆಂಪು, ಅಥವಾ ತುಕ್ಕು.

"ನೀನು ಓದಿದವ ಅಲ್ವಾ, ಸರಿ ಮಾಡು" ಎಂದಿದ್ದರು.

ಓದಿದವನಿಗೆ ಮೊದಲ ತೊಡಕು ಓದುವುದರಲ್ಲಿಯೇ ಬಂತು. ಕಾರಿನ ಜೊತೆಗಿದ್ದ ಪುಸ್ತಕ ಇಟಾಲಿಯನ್ ಭಾಷೆಯದು. ರೋಮಿನಲ್ಲಿ ಓದಿ ಬಂದಿದ್ದ ಶಿರ್ವದ ವೃದ್ಧ ಪಾದ್ರಿಗಳೊಬ್ಬರು ಅದನ್ನು ಭಕ್ತಿಯಿಂದ ಕನ್ನಡಕ್ಕೆ ಇಳಿಸಿಕೊಟ್ಟರು. 'ಗಾಡಿ ನಿಲ್ಲಿಸುವಾಗ ಗೇರನ್ನು ಹುಚ್ಚು ಸ್ಥಿತಿಯಲ್ಲಿ ಇಡತಕ್ಕದ್ದು. ನಾಲ್ಕು ಮೇಣದಬತ್ತಿಗಳನ್ನು ಆಗಾಗ ಶುದ್ಧಗೊಳಿಸತಕ್ಕದ್ದು.' ಆ ಭಾಷೆಯಲ್ಲಿ ಹುಚ್ಚು ಎಂದರೆ ನ್ಯೂಟ್ರಲ್, ಮೇಣದಬತ್ತಿ ಎಂದರೆ ಸ್ಪಾರ್ಕ್ ಪ್ಲಗ್ ಎಂದು ನನಗೆ ಹೊಳೆಯುವಷ್ಟರಲ್ಲಿ ಒಂದು ಮಳೆಗಾಲ ಮುಗಿದಿತ್ತು.

ಆಮೇಲೆ ಉಡುಪಿಗೆ ಲೆಕ್ಕವಿಲ್ಲದಷ್ಟು ಸಲ ಓಡಾಡಿ ಎಂಜಿನ್ನಿಗೆ ಜೀವ ಬರಿಸಿದೆ. ಉಳಿದದ್ದು ಮೈ. ಅದನ್ನು ಮಾವ ತಮ್ಮ ದೋಣಿ ಕಟ್ಟುವ ಆಚಾರಿಗೆ ಒಪ್ಪಿಸಿದರು. ಆಚಾರಿ ಕಾರಿನಡಿ ತೂರಿ, ಹೊರಬಂದು, ಸಾವಿನ ಸುದ್ದಿ ಹೇಳುವವನಂತೆ ಹೆಗಲ ಮೇಲಿನ ಬೈರಾಸು ಬಟ್ಟೆ ತೆಗೆದ.

"ಅಡಿಯಲ್ಲಿ ನಾಲ್ಕು ತೂತು ಉಂಟು ಧನಿಗಳೇ."

"ಅದು ನೀರು ಹೊರಗೆ ಹೋಗಲಿಕ್ಕೆ ಇಟ್ಟದ್ದು ಆಚಾರ್ರೆ" ಎಂದೆ ನಾನು.

"ನೀರು ಹೋಗುವ ತೂತಿನಲ್ಲಿ ನೀರು ಬರುವುದಿಲ್ವಾ ಮಾಸ್ಟ್ರೇ?"

ಮಾವ ನನ್ನನ್ನೇ ನೋಡಿದರು. ವಿಜ್ಞಾನದ ಮಾಸ್ತರನಾಗಿ ಉತ್ತರ ಕೊಡಬೇಕಿತ್ತು. ಆದರೆ ಆಚಾರಿ ಕಟ್ಟಿದ ಒಂದು ದೋಣಿಯೂ ಮುಳುಗಿದ್ದಿಲ್ಲ. ನಾನು ಕಟ್ಟಿದ್ದು ಏನೂ ಇರಲಿಲ್ಲ. ಆಚಾರಿ ತೂತುಗಳಿಗೂ ಸಂದುಗಳಿಗೂ ಹತ್ತಿ ತುಂಬಿ ರಾಳ ಎರೆದ. ಬಾಗಿಲುಗಳ ತಿರುಗಣೆ ತುಕ್ಕು ಹಿಡಿದು ಮುರಿದಿತ್ತು. "ದೋಣಿಗೆ ಬಾಗಿಲು ಎಂತಕ್ಕೆ?" ಎಂದು ಆಚಾರಿ ಅವನ್ನೂ ಹಲಗೆ ಹೊಡೆದು ಮುಚ್ಚಿದ. ಇನ್ನು ದಾಟಿಯೇ ಹತ್ತಬೇಕು. ಮಾಡಿಗೆ ಹಳೆಯ ಹಾಯಿಬಟ್ಟೆ, ಅದನ್ನು ಸುತ್ತಲೂ ಕೊಕ್ಕೆಗಳಿಗೆ ಕಟ್ಟಲು ಹಗ್ಗ. ಕೊಕ್ಕೆಗಳೆಲ್ಲ ಹೊರಗಡೆ. ಎಲ್ಲ ಮುಗಿದ ಮೇಲೆ ಸೀಟಿನಡಿ ಒಂದು ತೆಂಗಿನ ಚಿಪ್ಪಿನ ಗೆರಟೆಯನ್ನಿಟ್ಟ.

"ಇದು ಎಂತಕ್ಕೆ?"

"ನೀರು ತೋಡಲಿಕ್ಕೆ. ಗೆರಟೆ ಇಲ್ಲದೆ ಯಾರಾದರೂ ಹೊರಡುತ್ತಾರಾ ಮಾಸ್ಟ್ರೇ?"

ನಾನು ಹಾಜರಾಗಬೇಕಿದ್ದ ಸೋಮವಾರದ ಹಿಂದಿನ ದಿನ, ಭಾನುವಾರ, ಮಳೆ ತುಸು ಬಿಡುವು ಕೊಟ್ಟಿತು. ಮಾವ ಬಿಳಿ ಪಂಚೆ ಉಟ್ಟು, ಜರಿ ಶಾಲು ಹೊದ್ದು, ಪಂಚೆ ಎತ್ತಿಕಟ್ಟಿ, ಐವತ್ತೆಂಟರ ಗಾಂಭೀರ್ಯದಿಂದ ಕಾರಿನೊಳಗೆ ಇಳಿದರು. ಸ್ಟಿಯರಿಂಗ್ ನನ್ನದು. ಸಂಜೆಗೆ ಮರಳಿ ಬಂದರೆ ನಾಳೆ ನಾನು ಮಣಿಪಾಲದವನು. ಅಷ್ಟೇ ಲೆಕ್ಕ.

ಶಿರ್ವದಲ್ಲಿ ಹನಿಯಿತು. ಅಂಗಡಿಯವನೊಬ್ಬನನ್ನು ಕರೆದು ಮಾವ ಹಾಯಿಬಟ್ಟೆ ಕಟ್ಟಿಸಿದರು. "ಬಿಗಿ ಕಟ್ಟು ಮಾರಾಯ" ಎಂದು ಒಳಗಿನಿಂದ ಎರಡು ಸಲ ಕೂಗಿದರು. ಅವನು ಪ್ರಾಮಾಣಿಕ ಮನುಷ್ಯ.

ಊರು ದಾಟುತ್ತಲೇ ಮಳೆ ಸುರಿಯಿತು. ನಮ್ಮ ತಲೆಯ ಮೇಲೆ ಬಟ್ಟೆ ಜೋತು ಕೊಳವಾಯಿತು. ಕೊಳ ತುಂಬಿ, ಮುಂದಿನ ಗಾಜಿನ ಸಂದಿಯಿಂದ ಒಳಗೆ ಇಳಿಯತೊಡಗಿತು. ಇಳಿದ ನೀರು ಎಲ್ಲಿಗೂ ಹೋಗಲಿಲ್ಲ. ಆಚಾರಿಯ ಕೆಲಸದಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ನೀರು ಪಾದ ಮುಚ್ಚಿತು, ಒಂದು ಗೇಣು ಎತ್ತರದ ಸೀಟನ್ನೂ ಮುಚ್ಚಿತು, ಎಂಜಿನ್ ಕೆಮ್ಮಿ ನಿಂತಿತು. ಬಾಗಿಲಿಲ್ಲ. ಹಗ್ಗದ ಗಂಟು ಹೊರಗೆ. ಮಾವ ಗೆರಟೆ ತೆಗೆದು ನೀರು ತೋಡಿದರು. ತೋಡಿದ್ದನ್ನು ಎಲ್ಲಿ ಚೆಲ್ಲುವುದೆಂದು ಸುತ್ತ ನೋಡಿ, ನಿಧಾನವಾಗಿ ಅಲ್ಲಿಯೇ ಹೊಯ್ದರು.

"ಮಾವ, ನಾಳೆ ನನಗೆ..."

"ಈಗ ನಾಳೆಯ ಮಾತು ಬೇಡ."

ಬಹಳ ಹೊತ್ತಿನ ಮೇಲೆ ಒಂದು ಬಸ್ಸು ಬಂದು ನಿಂತಿತು. ಕಂಡಕ್ಟರ್ ಹಾಯಿಬಟ್ಟೆಯನ್ನು ತಟ್ಟಿದ.

"ಒಳಗೆ ಜನ ಉಂಟಾ?"

"ಉಂಟು" ಎಂದರು ಮಾವ. "ಕಾರ್ಕಳಕ್ಕೆ ಹೋಗುವವರು."

"ಈಜಿಕೊಂಡಾ?"

ಬಸ್ಸಿಗೆ ಬಸ್ಸೇ ನಕ್ಕಿತು. ಆ ಬಸ್ಸು ಕಾರ್ಕಳಕ್ಕೆ ಹೋಗುವುದಾಗಿತ್ತು. ನಮ್ಮನ್ನು ಬಿಡಿಸಿದ ಮೇಲೆ ಸುದ್ದಿಯನ್ನೂ ಹೊತ್ತುಕೊಂಡು ಹೋಯಿತು. ನಾವು ಹೇಳಿ ಕಳಿಸಿ ತರಿಸಿದ ನಮ್ಮದೇ ಲಾರಿಯ ಹಿಂದೆ ಹಗ್ಗಕ್ಕೆ ಬಿಗಿದುಕೊಂಡು ಕಾಪುವಿಗೆ ಮರಳಿದೆವು.

ಸೋಮವಾರ ಬೆಳಿಗ್ಗೆ ಚೀಲ ಹಿಡಿದು ಅಂಗಳಕ್ಕೆ ಇಳಿದೆ. ಮಾವ ಕಂಬಳಿ ಹೊದ್ದು ಜಗಲಿಯಲ್ಲಿದ್ದರು. ಜ್ವರ ಬಂದಿತ್ತು.

"ಹೋಗು. ಬಸ್ ಉಂಟು. ನಾನು ನಿನ್ನನ್ನು ಕಟ್ಟಿ ಹಾಕಿದ್ದೇನಾ?" ಎಂದರು. ಕಂಬಳಿ ಎಳೆದುಕೊಂಡು, "ಕಾರ್ಕಳದವ ಬೆಳಿಗ್ಗೆಯೇ ಜನ ಕಳಿಸಿದ್ದಾನೆ. ದೋಣಿ ಯಾವಾಗ ಮುಟ್ಟುತ್ತದೆ ಅಂತ ಕೇಳ್ಲಿಕ್ಕೆ" ಎಂದರು.

ಅಮ್ಮ ಕಾಫಿ ಲೋಟ ಹಿಡಿದು ನಿಂತಿದ್ದಳು. ಮಾವ ನನ್ನನ್ನು ನೋಡುತ್ತಿರಲಿಲ್ಲ, ಕಾರನ್ನು ನೋಡುತ್ತಿದ್ದರು. 'ಹೋಗು' ಎಂಬ ಮಾತಿಗೆ ನಮ್ಮ ಮನೆಯಲ್ಲಿದ್ದ ಅರ್ಥ ಯಾವ ನಿಘಂಟಿನಲ್ಲೂ ಸಿಗದು. ರಸ್ತೆಯಲ್ಲಿ ನಾನು ಹಿಡಿಯಬೇಕಿದ್ದ ಉಡುಪಿಯ ಬಸ್ಸು ಹಾರ್ನ್ ಮಾಡುತ್ತ ಹೋಯಿತು. ನಾನು ಚೀಲವನ್ನು ಜಗಲಿಯ ಮೇಲಿಟ್ಟು, ಕಾರಿನಡಿ ಮಲಗಿ, ಮೊದಲನೆಯ ತೂತಿನ ರಾಳವನ್ನು ಉಳಿಯಿಂದ ಕೆತ್ತತೊಡಗಿದೆ.

ಜುಲೈ ಕೊನೆಯಲ್ಲಿ ಕಾರು ಕಾರ್ಕಳಕ್ಕೆ ಹೋಗಿ ಬಂತು. ಅಷ್ಟರಲ್ಲಿ ಮಣಿಪಾಲದ ಕೆಲಸಕ್ಕೆ ಬೇರೊಬ್ಬರನ್ನು ತೆಗೆದುಕೊಂಡಿದ್ದರು.