ಎಡಗಡೆಯ ಬ್ರೇಕು

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ನೀವು ಯಾವತ್ತಾದರೂ ಕೂತಿದ್ದರೆ, ಎಡಗಡೆಯ ಸೀಟಿನಲ್ಲಿ ಕೂತು ಕಲಿಸುವವನ ಕಾಲಡಿಯಲ್ಲೂ ಒಂದು ಬ್ರೇಕ್ ಇರುವುದನ್ನು ನೋಡಿರುತ್ತೀರಿ. ನೋಡಿಲ್ಲವಾದರೆ ಅದು ನನ್ನಂಥವನ ಜಾಣತನ. ಏಕೆಂದರೆ ಅದನ್ನು ಒತ್ತುವ ವಿದ್ಯೆಯ ಅರ್ಧಭಾಗ ಒತ್ತಿದ್ದು ಯಾರಿಗೂ ತಿಳಿಯದಂತೆ ಒತ್ತುವುದರಲ್ಲೇ ಇದೆ. ಮುಖ ರಸ್ತೆಯ ಕಡೆಗೇ ಇರಬೇಕು, ಆಡುತ್ತಿದ್ದ ಮಾತು ನಿಲ್ಲಬಾರದು, ಸೊಂಟದಿಂದ ಮೇಲೆ ಮನುಷ್ಯ ಅಲ್ಲಾಡಬಾರದು. ಹೆಂಡತಿಗೆ ರೈಲ್ವೆಯಲ್ಲಿ ಕೆಲಸ ಸಿಕ್ಕಿ ಅವಳ ಹಿಂದೆ ಮಂಡ್ಯದಿಂದ ಚೆನ್ನೈಗೆ ಬಂದ ನಾನು, ಬಿ.ಎ. ಪದವಿಯನ್ನು ಪೆಟ್ಟಿಗೆಯ ತಳದಲ್ಲಿಟ್ಟು, ಅಡ್ಯಾರಿನ ನೆರಳು ತುಂಬಿದ ಬೀದಿಗಳಲ್ಲಿ ಈ ವಿದ್ಯೆಯಿಂದಲೇ ಅನ್ನ ಕಂಡವನು. ನನ್ನ ಕಾರಿನ ಮೈಮೇಲೆ ಇಂದಿಗೂ ಒಂದು ಗೀರಿಲ್ಲ ಎಂಬುದನ್ನು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದಿದ್ದೇನೆ.

ಆದರೆ ಈ ಹೆಮ್ಮೆಯೆಲ್ಲ ಕಾರಿನೊಳಗೆ ಇರುವಷ್ಟು ಹೊತ್ತು ಮಾತ್ರ. ನನ್ನ ಮಗಳು ಅನುಪಮಾ ವಾಯುಪಡೆಯಲ್ಲಿ ಪೈಲಟ್. ಸೈನಿಕರನ್ನೂ ಸರಕನ್ನೂ ಹೊರುವ ದೊಡ್ಡ ವಿಮಾನ ಹಾರಿಸುತ್ತಾಳೆ. ಅವಳ ತರಬೇತಿ ಮುಗಿದ ದಿನ ಕವಾಯತು ನೋಡಲು ಹೋದಾಗ, ಪಕ್ಕದಲ್ಲಿ ಕೂತಿದ್ದ ತಂದೆಯೊಬ್ಬರು ನನ್ನ ಉದ್ಯೋಗವೇನೆಂದು ವಿಚಾರಿಸಿದರು. "ಟ್ರಾನ್ಸ್‌ಪೋರ್ಟ್ ಲೈನು" ಎಂದುಬಿಟ್ಟೆ. ಅವರು ಲಾರಿಗಳ ಸಾಲನ್ನೇ ಕಲ್ಪಿಸಿಕೊಂಡಿರಬೇಕು, ಆಮೇಲೆ ಬಹಳ ಗೌರವದಿಂದ ಮಾತಾಡಿಸಿದರು. ನಾನೂ ಆ ಲಾರಿಗಳನ್ನು ವಾಪಸು ಕರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಹೋದ ತಿಂಗಳು ಅನುಪಮಾ ರಜೆಗೆ ಬಂದಾಗ ಜೊತೆಗೊಂದು ಪ್ರಶ್ನೆಯನ್ನೂ ತಂದಿದ್ದಳು. ಹೊಸಬರಿಗೆ ಹಾರಾಟ ಕಲಿಸುವ ಬೋಧಕಿಯಾಗಿ ಹೋಗುತ್ತೀಯಾ ಎಂದು ಮೇಲಧಿಕಾರಿ ಅವಳನ್ನು ಕೇಳಿದ್ದರು. ಮೊದಲ ಪೋಸ್ಟಿಂಗ್‌ನಲ್ಲಿರುವಾಗಲೇ ಇಂಥ ಕರೆ ಬರುವುದು ಅಪರೂಪವಂತೆ. ಒಪ್ಪಿದರೆ ಬೋಧಕರ ತರಬೇತಿ ಇಲ್ಲೇ ತಾಂಬರಂನಲ್ಲಿ. ಕಲಿಸುತ್ತ ಕಲಿಸುತ್ತ ಕೈ ಪಳಗುತ್ತದೆ, ಒಳ್ಳೆಯ ಹೆಸರೂ ಬರುತ್ತದೆ. ಆದರೆ ಕೆಲವು ವರ್ಷ ಪುಟ್ಟ ತರಬೇತಿ ವಿಮಾನದಲ್ಲೇ ಸುತ್ತಬೇಕು. ಅಷ್ಟರಲ್ಲಿ ಜೊತೆಯವರು ದೊಡ್ಡ ವಿಮಾನಗಳ ಕ್ಯಾಪ್ಟನ್ ಆಗಿರುತ್ತಾರೆ, ಇವಳು ಮರಳಿ ಹೋಗಿ ಅವರ ಸಹಾಯಕಿಯಾಗಿ ಪಕ್ಕದಲ್ಲಿ ಕೂರಬೇಕು. ರಜೆ ಮುಗಿಯುವುದರೊಳಗೆ ಉತ್ತರ ಕೊಡಬೇಕಿತ್ತು.

ಅವಳ ಅಮ್ಮನಿಗೆ ತಾಂಬರಂ ಎಂಬ ಒಂದು ಮಾತೇ ಸಾಕಾಯಿತು. ಲೋಕಲ್ ಟ್ರೈನಿನಲ್ಲಿ ಬಸ್ಸಾರಿನ ಡಬ್ಬಿ ಸಾಗಿಸುವ ಯೋಜನೆ ಆಗಲೇ ಸಿದ್ಧವಾಗಿತ್ತು. ನನಗೆ ಮಾತ್ರ ಅದು ಹಿಡಿಸಲಿಲ್ಲ. ಆಕಾಶಕ್ಕೇರಿದ ಮಗಳು ಅಲ್ಲಿಯೂ ಅಪ್ಪನ ಸೀಟನ್ನೇ ಹುಡುಕಿಕೊಂಡು ಕೂರುವುದೇ?

"ಬ್ಯಾಡ ಕಣಮ್ಮ," ಎಂದೆ. "ಕಲ್ಸೋದೆಲ್ಲ ಬ್ಯಾರೆ ಗತಿ ಇಲ್ದೋರ ಕೆಲ್ಸ. ನನ್ನೇ ನೋಡು. ಅಷ್ಟ್ ದೊಡ್ಡ ವಿಮಾನ ಬಿಟ್ಬುಟ್ಟು ಯಾರಾದ್ರೂ ಮಕ್ಳಾಟದ್ ವಿಮಾನಕ್ಕೆ ಹೋಗ್ತಾರಾ?"

"ಯೋಸಿಚ್ಚು ಸೊಲ್ರೇನ್ಪಾ," ಎಂದಳು. ಯೋಚಿಸಿ ಹೇಳುತ್ತೇನೆ ಎಂದರ್ಥ. ಇಲ್ಲಿಯೇ ಓದಿ ಬೆಳೆದವಳು. ಮನಸ್ಸಿಗೆ ನೋವಾದಾಗ ತಮಿಳಿಗೆ ಜಾರುತ್ತಾಳೆ.

ಮರುದಿನ ಬೆಳಿಗ್ಗೆ, ಮನೆಯಲ್ಲಿ ಹೊತ್ತು ಹೋಗುವುದಿಲ್ಲವೆಂದು, ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಬಂದು ಕೂತಳು. ಸ್ಟೀರಿಂಗ್ ಹಿಡಿದಿದ್ದವರು ವಿಜಯಾ ಮೇಡಂ. ಪುರಸೈವಾಕ್ಕಂನಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದಾರೆ, ಮಗನ ಬಿಡುವಿಗಾಗಿ ಕಾಯದೆ ತಾವೇ ಅಂಗಡಿಗೆ ಓಡಾಡಬೇಕೆಂಬುದು ಅವರ ಆಸೆ. ತಿರುವಿನಲ್ಲಿ ಹಾಲಿನವನ ಸ್ಕೂಟರ್ ಅಡ್ಡ ನುಗ್ಗಿತು. ಕಾರು ಮೆತ್ತಗೆ ನಿಂತಿತು.

"ಸಾರ್, ಪಾತ್ತೀಂಗಳಾ? ನಾನೇ ನಿರುತ್ತಿಟ್ಟೇನ್!" ತಾವೇ ನಿಲ್ಲಿಸಿದ ಸಂಭ್ರಮದಲ್ಲಿ ಮೇಡಂ ಚಿಕ್ಕ ಹುಡುಗಿಯಂತೆ ನಕ್ಕರು.

"ಸೂಪರ್ ಮೇಡಂ," ಎಂದೆ ನಾನು, ಪೆಡಲಿನಿಂದ ಕಾಲು ತೆಗೆಯುತ್ತ. ನನಗೆಂದೇ ಅಂಟಿಸಿಕೊಂಡಿರುವ ಸಣ್ಣ ಕನ್ನಡಿಯಲ್ಲಿ ನೋಡಿದರೆ, ಮಗಳ ಕಣ್ಣು ಸೀಟುಗಳ ಸಂದಿನಿಂದ ನನ್ನ ಕಾಲಿನ ಮೇಲಿತ್ತು.

ಮೇಡಂ ಇಳಿದು ಹೋದ ಮೇಲೆ ಅವಳು ಮುಂದಿನ ಬಾಗಿಲು ತೆಗೆದು ಬಗ್ಗಿದಳು. ನನ್ನನ್ನೂ ಕರೆದು ತೋರಿಸಿದಳು. ಎರಡು ಬ್ರೇಕ್ ಪೆಡಲುಗಳಿಗೂ ನಾನು ಒಂದೇ ದಿನ ಹೊಸ ರಬ್ಬರ್ ಹಾಕಿಸಿದ್ದೆ. ಕಲಿಯುವವರ ಕಡೆಯ ರಬ್ಬರಿನಲ್ಲಿ ಗೆರೆಗಳು ಅಂಗಡಿಯಿಂದ ಬಂದ ಹಾಗೇ ಇದ್ದವು. ನನ್ನದು ಸವೆದು ಬೋಳಾಗಿತ್ತು.

"ಇವ್ರ್ ಯಾರ್‌ಗೂ ನೀವು ಬ್ರೇಕ್ ಹಾಕೋಕೇ ಬಿಟ್ಟಿಲ್ಲಪ್ಪಾ," ಎಂದಳು. ದನಿಯಲ್ಲಿ ಕೋಪವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಮತ್ತೆ ಗುದ್ದುಸ್‌ಬುಟ್ರೆ?"

"ಅದೇ ವಿಷ್ಯ. ವಿಮಾನ ಕಲ್ಸೋದ್ರಲ್ಲೂ ಅಷ್ಟೇ. ತಪ್ಪು ಅವ್ರಿಗೇ ಗೊತ್ತಾಗೋವರ್ಗೂ ಕೈ ಕಟ್ಕೊಂಡ್ ಕೂತಿರ್ಬೇಕು. ನಾವ್ ಬೇಗ ಹಿಡ್ಕೊಂಡ್ರೆ ಅವ್ರು ಕಲಿಯಲ್ಲ, ಲೇಟಾದ್ರೆ ಇಬ್ರೂ ಇರಲ್ಲ. ಆ ಲಿಮಿಟ್ ಎಲ್ಲಿದೆ ಅಂತ ನಂಗಿನ್ನೂ ತೆರಿಯಾದು, ಗೊತ್ತಿಲ್ಲ. ನಾನೂ ನಿಮ್ಮತ್ರ ಕಾರು ಕಲ್ತೋಳೇ ಅಲ್ವಾ? ನನ್ ಕೈನೂ ಬೇಗ ಹೋಗ್‌ಬುಡುತ್ತೆ. ನಾಳೆ ಆ ಹುಡುಗ್ರು ಒಬ್ಬೊಬ್ರೇ ಮೇಲೆ ಹೋಗ್ಬೇಕಪ್ಪಾ. ಪಕ್ಕದಲ್ಲಿ ಯಾರೂ ಇರಲ್ಲ."

ನಿಮಗೆ ಹೇಳುವುದರಲ್ಲಿ ಮುಚ್ಚುಮರೆ ಏನು: ನನ್ನ ಬಳಿ ಕಲಿತು ಲೈಸೆನ್ಸ್ ಪಡೆದ ಎಷ್ಟೋ ಮಂದಿ ಇವತ್ತಿಗೂ ಆಟೋದಲ್ಲಿ ಕೂತೇ ನನಗೆ ಕೈ ಬೀಸುತ್ತಾರೆ. ಕಾರು ತೆಗೆಯುವುದಿಲ್ಲವೇ ಎಂದರೆ, ಭಯ ಸಾರ್ ಎನ್ನುತ್ತಾರೆ. ನಾನು ಅವರ ಜೊತೆ ಸೇರಿ ಊರಿನ ಟ್ರಾಫಿಕ್ಕಿಗೆ ಶಾಪ ಹಾಕಿ ಮುಂದೆ ಹೋಗುತ್ತಿದ್ದೆ. ಕಾರಿಗೆ ಗೀರು ಬೀಳದಂತೆ ಕಾಯುವ ಭರದಲ್ಲಿ ಅವರಿಗೆ ಬರಬೇಕಾಗಿದ್ದ ಧೈರ್ಯವನ್ನು ನಾನೇ ದಿನಕ್ಕಿಷ್ಟಿಷ್ಟು ತಿಂದು ಹಾಕಿದ್ದೆ. ಮೇಲೆ ಸೂಪರ್ ಎಂಬ ಸುಳ್ಳು ಬೇರೆ. ಇಷ್ಟು ಕಾಲ ನನ್ನ ಕೆಲಸ ಸಣ್ಣದೆಂದು ನಾಚಿಕೊಂಡು ಲಾರಿಗಳ ಮರೆಯಲ್ಲಿ ಅವಿತಿದ್ದೆನಲ್ಲ, ಅದನ್ನು ಸಣ್ಣದು ಮಾಡಿದವನು ನಾನೇ ಎಂದು ಗೊತ್ತಾದಾಗ ಆದ ನಾಚಿಕೆಯೇ ಬೇರೆ. ಅದಕ್ಕೆ ಅವಿತುಕೊಳ್ಳಲು ಜಾಗವಿಲ್ಲ.

ರಜೆಯ ಕೊನೆಯ ದಿನ ಅವಳು ಫೋನ್ ಕೈಯಲ್ಲಿ ಹಿಡಿದು ನನ್ನ ಮುಂದೆ ನಿಂತಳು. "ಏನ್ ಹೇಳ್ತೀರಪ್ಪಾ?" ಎಂದು ಇನ್ನೊಮ್ಮೆ ಕೇಳಿದಳು, ಕನ್ನಡದಲ್ಲೇ ಕೇಳಿದಳು. ಹೇಳಬೇಕಾದದ್ದು ನನ್ನ ನಾಲಿಗೆಯ ತುದಿಯಲ್ಲಿತ್ತು. ಎರಡು ರಬ್ಬರುಗಳ ವ್ಯತ್ಯಾಸವನ್ನು ಒಂದೇ ಬೆಳಿಗ್ಗೆ ಕಂಡುಹಿಡಿದವಳಿಗಿಂತ, ತನ್ನ ಕೈಯನ್ನೇ ಅನುಮಾನಿಸಬಲ್ಲವಳಿಗಿಂತ ಒಳ್ಳೆಯ ಮೇಷ್ಟ್ರು ಆ ಹುಡುಗರಿಗೆ ಇನ್ನೆಲ್ಲಿ ಸಿಗಬೇಕು? ಹೋಗಮ್ಮ, ನೀನು ಕಲಿಸಬಲ್ಲೆ, ನಾನು ಅಂದದ್ದು ತಪ್ಪು ಎನ್ನಬೇಕಿತ್ತು. ಹಾಗೆಂದರೆ ಇಷ್ಟು ವರ್ಷ ಕಲಿಸಲಾರದೆ ಹೋದವನು ನಾನು ಎಂದೂ ಒಪ್ಪಿದಂತಾಗುತ್ತಿತ್ತು. "ನಿನ್ನಿಷ್ಟ" ಎಂದೆ.

ಅವಳು ಬಾಲ್ಕನಿಗೆ ಹೋಗಿ ಮೇಲಧಿಕಾರಿಯೊಂದಿಗೆ ಮಾತಾಡಿದಳು. ಈಗ ಬೇಡ ಸರ್, ದೊಡ್ಡ ವಿಮಾನದಲ್ಲಿ ಇನ್ನಷ್ಟು ಹಾರಿ ಬರುತ್ತೇನೆ, ಆಮೇಲೆ ಕರೆದರೆ ಸಂತೋಷದಿಂದ ಹೋಗುತ್ತೇನೆ ಎಂದಳು. ಮತ್ತೆ ಕರೆಯುತ್ತಾರೆಂಬ ಭರವಸೆ ಯಾರೂ ಕೊಡಲಿಲ್ಲವಂತೆ.

ಅವಳು ಹೊರಟುಹೋದ ಮೇಲೆ ಬೀದಿಯ ಕೊನೆಯ ಕಾಫಿ ಅಂಗಡಿಯಲ್ಲಿ ಶಿವಣ್ಣ ಸಿಕ್ಕರು. ಇನ್ಶೂರೆನ್ಸ್ ಕಂಪನಿಯಿಂದ ನಿವೃತ್ತರಾದ, ನಮ್ಮ ಕಡೆಯವರೇ ಆದ ಗೆಳೆಯರು. ಮಗಳಿಗೆ ನಾನು ಎಂಥ ಬುದ್ಧಿ ಹೇಳಿದೆನೆಂದು ರಜೆಯ ಮೊದಲ ದಿನಗಳಲ್ಲೇ ಅವರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ಏನಾಯಿತೆಂದು ಕೇಳಿದರು. ಬೇಡವೆಂದಳು ಎಂದೆ.

"ಅಂತೂ ಅಪ್ಪನ್ ಮಾತ್ ಕೇಳುದ್ಲು ನೋಡಿ!" ಎಂದು ಬೆನ್ನು ತಟ್ಟಿದರು. "ಈ ಕಾಲ್ದಾಗೆ ಯಾರ್ ಸಾರ್ ಕೇಳ್ತಾರೆ? ನೀವ್ ಪುಣ್ಯ ಮಾಡಿದ್ರಿ."

"ಹೂಂ, ಕೇಳುದ್ಲು" ಎಂದೆ. ಆ ಖುಷಿಗೆ ಅವರೇ ಕಾಫಿ ಕೊಡಿಸಿದರು. ಕುಡಿದೆ.