ಮೊರಾದಾಬಾದಿಗೆ ಹೋದ ತಪ್ಪಲೆ

ಮೊರಾದಾಬಾದ್ ಸ್ಟೇಷನ್ನಿನಲ್ಲಿ ಇಳಿದ ಬೆಳಿಗ್ಗೆ, ಮೂರಡಿ ಆಚೆ ಏನೂ ಕಾಣದಂಥ ಮಂಜಿನಲ್ಲಿ ನಿಂತು, ನನ್ನ ತಾಯಿನುಡಿಯಲ್ಲಿ ಒಬ್ಬ ಆಟೊದವನನ್ನು ಬಾಡಿಗೆ ಎಷ್ಟೆಂದು ಕೇಳಿದೆ. ಅವನು ಉತ್ತರ ಕೊಡುವ ಬದಲು ಪಕ್ಕದ ಆಟೊದವನನ್ನು ಕರೆದು, ಈ ಮೇಡಂ ಮಾತಾಡುವುದನ್ನು ಸ್ವಲ್ಪ ಕೇಳು ಬಾ ಎಂದ. ಇಬ್ಬರೂ ನಕ್ಕರು. ಆಮೇಲೆ ನನಗೆ ಇಂಗ್ಲಿಷಿನಲ್ಲಿ ಬಾಡಿಗೆ ಹೇಳಿದರು.

ತರೀಕೆರೆಯಿಂದ ಹೊರಡುವಾಗ ಎಲ್ಲರೂ ಧೈರ್ಯ ತುಂಬಿದ್ದು ಭಾಷೆಯ ವಿಷಯದಲ್ಲೇ. ಕಡೂರಿನ ಬ್ಯಾಂಕಿನಲ್ಲಿ ಹದಿನೆಂಟು ವರ್ಷ ಕ್ಲರ್ಕಾಗಿದ್ದವಳಿಗೆ ಪ್ರಮೋಷನ್ ಬಂತು, ಜೊತೆಗೆ ಉತ್ತರಪ್ರದೇಶಕ್ಕೆ ವರ್ಗವೂ ಬಂತು. ‘ನಿಂಗೇನವ್ವ ಕಷ್ಟ, ಅಲ್ಲೆಲ್ಲ ನಿಮ್ ಭಾಷೇನೇ’ ಎಂದರು ಬ್ಯಾಂಕಿಗೆ ಬರುತ್ತಿದ್ದ ಹಿರೇನಲ್ಲೂರಿನ ಗೌಡರು. ನಾನೂ ಹಾಗೇ ನಂಬಿದ್ದೆ. ಮನೆಯಲ್ಲಿ ನಾವು ಆಡುವ ದಖನಿ ಅಲ್ಲಿಯ ಉರ್ದುವಿಗೆ ಹಳ್ಳಿಯ ನೆಂಟ ಅಂತ ಅಲ್ಲಿಗೆ ಹೋದ ಮೇಲೆ ತಿಳಿಯಿತು. ಬೇಡ ಅನ್ನುವುದಕ್ಕೆ ನಾವು ‘ನಕ್ಕೊ’ ಅನ್ನುತ್ತೇವಲ್ಲ, ಆ ಒಂದು ಮಾತಿಗೆ ಬ್ರಾಂಚಿನಲ್ಲಿ ಒಂದು ವಾರ ನಗೆಯೋ ನಗೆ. ಕೊನೆಗೆ ನಾನು ಕೋಪ ಬಂದಾಗ ಕನ್ನಡದಲ್ಲೇ ಬೈಯಲು ಶುರು ಮಾಡಿದೆ. ಅದು ಯಾರಿಗೂ ಅರ್ಥವಾಗುತ್ತಿರಲಿಲ್ಲ, ಆದ್ದರಿಂದ ಎಲ್ಲರೂ ಗೌರವ ಕೊಟ್ಟರು.

ಮನೆ ಸಿಕ್ಕಿದ್ದು ಹಳೇ ಪೇಟೆಯ ಒಂದು ಗಲ್ಲಿಯಲ್ಲಿ, ಮಹಡಿಯ ಮೇಲೆ ಒಂದು ಕೋಣೆ, ಒಂದು ಚಿಕ್ಕ ಅಡುಗೆಮನೆ. ಕೆಳಗೆ ಮನೆಯೊಡತಿ ಶಬಾನಾ ಮತ್ತು ಅವಳ ಅತ್ತೆ. ಎಂಬತ್ತರ ಮೇಲಾದ ಆ ಮುದುಕಿಯನ್ನು ಗಲ್ಲಿಯವರೆಲ್ಲ ದಾದಿ ಅನ್ನುತ್ತಾರೆ. ಅಲ್ಲಿ ಅದಕ್ಕೆ ಅಜ್ಜಿ ಅಂತ ಅರ್ಥ. ಶಬಾನಾಳ ಗಂಡ ವ್ಯಾಪಾರಕ್ಕೆಂದು ದೆಹಲಿಯಲ್ಲೇ ಹೆಚ್ಚು ಇರುವುದರಿಂದ ಒಬ್ಬ ಹೆಂಗಸು ಬಾಡಿಗೆಗೆ ಬಂದದ್ದು ಅವರಿಗೂ ಅನುಕೂಲವಾಯಿತು. ಮೊದಲ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಟಕಟಕ ಸುತ್ತಿಗೆ ಸದ್ದು. ಊರಿಗೆ ಊರೇ ಹಿತ್ತಾಳೆ ಬಡಿಯುತ್ತದೆ. ನಮ್ಮ ಕಡೆ ಗುಜರಿಗೆ ಹೋದ ಹಿತ್ತಾಳೆಯೆಲ್ಲ ಇಲ್ಲಿ ಬಂದು ಮತ್ತೆ ಹುಟ್ಟುತ್ತಿದೆಯೇನೋ ಅನ್ನಿಸಿತು. ಆದರೆ ಅಡುಗೆಗಲ್ಲ. ಹೂದಾನಿ, ದೀಪದ ಕಂಬ, ಗೋಡೆಗೆ ನೇತುಹಾಕುವ ತಟ್ಟೆ, ಎಲ್ಲ ನೋಡುವುದಕ್ಕೆ.

ಊಟದ ಕಥೆ ಕೇಳಬೇಡಿ. ಅಲ್ಲಿ ಹೆಸರುಬೇಳೆಯನ್ನು ಗಟ್ಟಿಯಾಗಿ ಬೇಯಿಸಿ, ಮೇಲೆ ಬೆಣ್ಣೆ, ನಿಂಬೆಹಣ್ಣು, ಈರುಳ್ಳಿ ಹಾಕಿ ಬಟ್ಟಲಲ್ಲಿ ಕೊಡುತ್ತಾರೆ, ಜನ ರಸ್ತೆಯಲ್ಲಿ ನಿಂತು ಚಮಚದಿಂದ ತಿನ್ನುತ್ತಾರೆ. ರುಚಿ ಚೆನ್ನಾಗಿದೆ. ಆದರೆ ಬೇಳೆ ಅಂದರೆ ಹುಣಸೆಹುಳಿ ಬೀಳಬೇಕು, ಅನ್ನಕ್ಕೆ ಕಲಸಬೇಕು ಅನ್ನುವ ನಾಲಿಗೆಗೆ ಅದು ಎಷ್ಟು ದಿನ ಸಾಕಾದೀತು? ಮಗಳು ಪಿಯುಸಿ ಓದುತ್ತಿದ್ದಳು, ಯಜಮಾನರು ಅಂಗಡಿ ಬಿಟ್ಟು ಬರುವಂತಿರಲಿಲ್ಲ. ಭಾನುವಾರ ಬಂದರೆ ಗೋಡೆ ನೋಡುತ್ತ ಕೂತು ಅಳುತ್ತಿದ್ದೆ. ಆಗ ನನ್ನನ್ನು ಕಾಪಾಡಿದ್ದು ನಮ್ಮೂರಿನವರ ಈ ವಾಟ್ಸಾಪ್ ಗುಂಪು. ಗುಂಪಿನಲ್ಲಿರುವ ನಿಮಗೆಲ್ಲ ಗೊತ್ತಿದೆ, ಅದರಲ್ಲಿ ದಿನಕ್ಕೊಂದು ಹಳೇ ಸಾಮಾನಿನ ಫೋಟೊ ಬರುತ್ತದೆ: ಬೀಸುಕಲ್ಲು, ಲಾಟೀನು, ಸೀಮೆಎಣ್ಣೆ ಸ್ಟೌವ್. ‘ಆ ಕಾಲ ಮತ್ತೆ ಬರುತ್ತದೆಯೇ?’ ಅಂತ ಕೆಳಗೆ ಒಬ್ಬರಾದ ಮೇಲೊಬ್ಬರು ಬರೆಯುತ್ತಾರೆ.

ಒಂದು ದಿನ ನಾನೂ ಬರೆದೆ. ನನ್ನ ಅಬ್ಬಾ ತರೀಕೆರೆಯಲ್ಲಿ ಕಲಾಯಿ ಮಾಡುತ್ತಿದ್ದವರು. ಹಿತ್ತಾಳೆ, ತಾಮ್ರದ ಪಾತ್ರೆಯ ಒಳಗೆ ತವರದ ಬಿಳಿ ಲೇಪ ಹಾಕುವ ಕೆಲಸ. ಸೈಕಲ್ಲಿಗೆ ತಿದಿ ಕಟ್ಟಿಕೊಂಡು ಅಜ್ಜಂಪುರ, ಅಂತರಘಟ್ಟೆ, ಪಂಚನಹಳ್ಳಿವರೆಗೂ ಹೋಗುತ್ತಿದ್ದರು. ಮರದ ಕೆಳಗೆ ಗುಂಡಿ ತೋಡಿ ಇದ್ದಿಲು ಹಾಕಿ, ಪಾತ್ರೆ ಕಾದ ಮೇಲೆ ನವಸಾಗರದ ಪುಡಿ ಎರಚಿದರೆ ಬಿಳಿ ಹೊಗೆ ಭುಸ್ಸೆಂದು ಏಳುತ್ತಿತ್ತು. ಹತ್ತಿಯಲ್ಲಿ ಒರೆಸಿದರೆ ತವರ ಬೆಳ್ಳಗೆ ಹರಡಿಕೊಳ್ಳುತ್ತಿತ್ತು. ಆ ಹೊಗೆಯ ವಾಸನೆಯನ್ನು, ನೀರಿಗೆ ಅದ್ದಿದಾಗಿನ ಚುಯ್ ಸದ್ದನ್ನು ನಾನು ಎಷ್ಟು ಚೆಂದ ಬರೆದೆನೆಂದರೆ ನೀವು ಅಷ್ಟೂ ಜನ ಕೈ ಮುಗಿದಿರಿ. ನನ್ನ ತಲೆ ಸ್ವಲ್ಪ ತಿರುಗಿತು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಅದೇ ಗುಂಗಿನಲ್ಲಿ, ಊರಿನಿಂದ ತಂದಿದ್ದ ತೀರಿಹೋದ ಅಮ್ಮಿಯ ಹಿತ್ತಾಳೆ ತಪ್ಪಲೆಯನ್ನು ಪೆಟ್ಟಿಗೆಯಿಂದ ತೆಗೆದೆ. ಅದರ ಕುತ್ತಿಗೆಯ ಮೇಲೆ ಕನ್ನಡದಲ್ಲಿ ಅವಳ ಹೆಸರು ಕೊರೆದಿತ್ತು. ಹೊರಗೆ ಕಪ್ಪಾಗಿತ್ತು, ಒಳಗೆ ಹಳೇ ಕಲಾಯಿ ಮಬ್ಬಾಗಿತ್ತು. ಗಲ್ಲಿಯ ತುದಿಯ ಪಾಲಿಶ್ ಅಂಗಡಿಗೆ ಕೊಟ್ಟೆ. ಅವರಿಗೆ ಅದು ಅಡುಗೆಯ ಪಾತ್ರೆ ಅಂತ ಯಾರು ಹೇಳಬೇಕು? ನಾನು ಹೇಳಲಿಲ್ಲ. ಹೂದಾನಿ ಉಜ್ಜಿದ ಹಾಗೆ ಒಳಗೂ ಹೊರಗೂ ಚಕ್ರಕ್ಕೆ ಕೊಟ್ಟು ಉಜ್ಜಿದರು. ವಾಪಸು ಬಂದಾಗ ಅದು ಒಳಗೆಲ್ಲ ಚಿನ್ನದ ಹಾಗೆ ಹೊಳೆಯುತ್ತಿತ್ತು. ನಾನು ಮರುಳಾಗಿ ನೋಡಿದೆ.

ಆ ಭಾನುವಾರ ಬೆಳಿಗ್ಗೆ ಅದರಲ್ಲೇ ದಾಲ್ಚಾ ಮಾಡಿದೆ. ಬೇಳೆ, ಸೋರೆಕಾಯಿ, ಬದನೆಕಾಯಿ, ಮೇಲೆ ಊರಿನ ಹುಣಸೆಹಣ್ಣು ಧಾರಾಳವಾಗಿ. ಕೆಳಗಿನವರನ್ನೂ ಊಟಕ್ಕೆ ಕರೆದೆ. ಬಂದು ಆರು ತಿಂಗಳಾದ ಮೇಲೆ ಮೊದಲ ಸಲ ನನ್ನ ಮನೆಯಲ್ಲಿ ಜನ ಕೂತು ಉಂಡರು. ದಾದಿಗಂತೂ ಹುಳಿ ಎಷ್ಟು ಹಿಡಿಸಿತೆಂದರೆ, ಉಳಿದದ್ದನ್ನು ಹಾಗೇ ಇಡು ಎಂದರು. ಸಂಜೆ ನಾಲ್ಕಕ್ಕೆ ತಪ್ಪಲೆಯಿಂದಲೇ ಒಂದು ಬಟ್ಟಲು ತುಂಬಿಸಿಕೊಂಡು ಕುಡಿದರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಐದೂವರೆಗೆ ಕೆಳಗೆ ದಾದಿ ವಾಂತಿ ಮಾಡುವ ಸದ್ದು ಕೇಳಿತು. ಒಂದಲ್ಲ, ಮೂರು ಸಲ. ಇಳಿದು ಹೋಗಿ ನೋಡಿದರೆ ಮುದುಕಿ ಗೋಡೆಗೆ ಒರಗಿ ಬೆವರುತ್ತಿದ್ದಾರೆ. ಹಿಂದಿನ ದಿನ ಪೇಟೆಯಿಂದ ತಂದಿದ್ದ ಪಕೋಡದ ಎಣ್ಣೆಯೇ ಕಾರಣ ಎಂದು ಶಬಾನಾ ಬೈಯುತ್ತಿದ್ದಳು. ನಾನು ಹೂಂಗುಟ್ಟಿದೆ. ನೀರು ಬಿಸಿ ಮಾಡಿ ತರುತ್ತೇನೆಂದು ಮೇಲೆ ಬಂದು ತಪ್ಪಲೆ ಖಾಲಿ ಮಾಡಿದಾಗ, ದಾಲ್ಚಾ ನಿಂತಿದ್ದ ಮಟ್ಟದಲ್ಲಿ ಸುತ್ತಲೂ ಒಂದು ಹಸಿರು ಗೆರೆ ಕಂಡಿತು.

ಕಿಲುಬು. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಹೊತ್ತುಗಟ್ಟಲೆ ನಿಂತರೆ ವಿಷ. ಈ ಒಂದು ಮಾತನ್ನು ಅಬ್ಬಾ ಊರೂರಿನ ಹೆಂಗಸರಿಗೆ, ಪಾತ್ರೆ ವಾಪಸು ಕೊಡುವಾಗಲೆಲ್ಲ, ಒಂದೇ ರಾಗದಲ್ಲಿ ಹೇಳುತ್ತಿದ್ದರು. ಪಕ್ಕದಲ್ಲಿ ಕೂತು ನೂರು ಸಲ ಕೇಳಿದ್ದೇನೆ. ನನಗೆ ಹೊಗೆಯ ವಾಸನೆ ನೆನಪಿತ್ತು, ಚುಯ್ ಸದ್ದು ನೆನಪಿತ್ತು. ಆ ಕೆಲಸ ಯಾತಕ್ಕೆ ಮಾಡುತ್ತಿದ್ದರು ಅನ್ನುವುದೇ ಮರೆತುಹೋಗಿತ್ತು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪಕೋಡದ ಮೇಲೆ ತಪ್ಪು ಆಗಲೇ ಕೂತಿತ್ತು. ಕೋಣೆ ಹೋಗುತ್ತದೆ, ಗಲ್ಲಿಯಲ್ಲಿ ಮುಖ ತೋರಿಸುವಂತಿಲ್ಲ, ಬ್ಯಾಂಕಿನವರೆಗೂ ಸುದ್ದಿ ಹೋಗುತ್ತದೆ ಎಂದೆಲ್ಲ ಯೋಚನೆ ಬಂತು, ಬರಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಅಬ್ಬಾಗೆ ಫೋನ್ ಮಾಡಿ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಕೋಪ ಬಂದರೂ, ಭಯವಾದರೂ ಅವರು ದಖನಿ ಬಿಟ್ಟು ಹಳ್ಳಿಯ ಕನ್ನಡಕ್ಕೆ ಇಳಿಯುತ್ತಾರೆ.

‘ಅವ್ರಿಗೆ ಹೇಳ್ದೇನಮ್ಮ?’

ಇಲ್ಲ ಎಂದೆ.

‘ಫೋನ್ ಇಕ್ಕು. ಮೊದ್ಲು ಓಗಿ ಹೇಳು. ಹೊಟ್ಟೆಗೆ ಏನೋಗೈತೆ ಅಂತ ಡಾಕ್ಟ್ರಿಗೆ ಗೊತ್ತಾಗ್ಬೇಕು ಕಣಮ್ಮ.’

ತಪ್ಪಲೆ ಹಿಡಿದುಕೊಂಡೇ ಇಳಿದೆ. ಹಸಿರು ಗೆರೆ ತೋರಿಸಿ, ಪಕೋಡ ಅಲ್ಲ, ನಾನು, ಎಂದೆ. ಶಬಾನಾ ನನ್ನ ಮುಖವನ್ನೇ ನೋಡಿದಳು, ಆಟೊ ಕರೆದಳು. ಆಸ್ಪತ್ರೆಯಲ್ಲಿ ಡಾಕ್ಟರು ತಪ್ಪಲೆಯ ಒಳಗೆ ಟಾರ್ಚ್ ಬಿಟ್ಟು ನೋಡಿ, ಹೇಳಿದ್ದು ಒಳ್ಳೆಯದಾಯಿತು ಎಂದು ಡ್ರಿಪ್ ಹಾಕಿಸಿದರು. ವಾಂತಿಯಲ್ಲೇ ಹೆಚ್ಚಿನದು ಹೋಗಿದೆ, ಆದರೂ ನಾಳೆಯವರೆಗೆ ಇಲ್ಲೇ ಇರಲಿ ಎಂದರು. ನಾನು ಬೆಂಚಿನ ಮೇಲೆ ಕೂತೆ, ಶಬಾನಾ ಇನ್ನೊಂದು ಬೆಂಚಿನ ಮೇಲೆ. ಮಾರನೇ ದಿನ ಹನ್ನೊಂದು ಗಂಟೆಗೆ ದಾದಿ ಕಣ್ಣು ಬಿಟ್ಟು, ಈ ಆಸ್ಪತ್ರೆಯಲ್ಲಿ ಚಹಾ ಕೊಡುವ ಪದ್ಧತಿ ಇಲ್ಲವೇ ಎಂದು ಕೇಳಿದರು. ಹೋದ ಜೀವ ಬಂದಂತಾಯಿತು. ಕಾರಿಡಾರಿಗೆ ಹೋಗಿ ಗೋಡೆ ಹಿಡಿದುಕೊಂಡು ಅತ್ತೆ, ಆಮೇಲೆ ನಾನೇ ಹೋಗಿ ಚಹಾ ತಂದೆ.

ಮನೆಗೆ ಬಂದ ಮೂರನೇ ದಿನ ದಾದಿ ನನ್ನನ್ನು ತಪ್ಪಲೆ ಸಮೇತ ಕರೆಸಿದರು. ಕೋಣೆ ಖಾಲಿ ಮಾಡು ಅನ್ನುತ್ತಾರೆಂದು ಮನಸ್ಸು ಗಟ್ಟಿ ಮಾಡಿಕೊಂಡೇ ಹೋದೆ. ಅವರು ಒಳಗೆ ಬೆರಳಾಡಿಸಿ, ನಿನ್ನಪ್ಪ ಕಲಾಯಿಯವನು ಅಂತೀಯ, ಅವನಿಗೆ ನಾಚಿಕೆಯಾಗುವುದಿಲ್ಲವೇ ಎಂದರು. ಆಮೇಲೆ ಸೊಸೆಯ ಕಡೆ ತಿರುಗಿ, ಇವಳನ್ನು ಕಲಾಯಿ ಅಂಗಡಿಗೆ ಕರೆದುಕೊಂಡು ಹೋಗು, ಆ ಹುಳಿ ಬೇಳೆ ನನಗೆ ಇನ್ನೊಂದು ಸಲ ಬೇಕು ಎಂದರು. ಶಬಾನಾಗೆ ನಗು ತಡೆಯಲಾಗಲಿಲ್ಲ. ಮೂರು ದಿನದ ಮೇಲೆ ಅವಳ ಮುಖದಲ್ಲಿ ನಗು ನೋಡಿದೆ.

ನಮ್ಮ ತರೀಕೆರೆಯಲ್ಲಿ ಈಗ ಕಲಾಯಿ ಮಾಡುವವರು ನನಗೆ ತಿಳಿದಂತೆ ಒಬ್ಬರೂ ಇಲ್ಲ. ಮೊರಾದಾಬಾದಿನಲ್ಲಿ ಎರಡು ಗಲ್ಲಿ ದಾಟಿದರೆ ಒಂದು ಅಂಗಡಿ ಇತ್ತು, ಮದುವೆ ಅಡುಗೆಯ ದೊಡ್ಡ ದೊಡ್ಡ ಹಂಡೆಗಳು, ಅಲ್ಲಿಯ ದೇಗುಗಳು, ಸಾಲಾಗಿ ನಿಂತಿದ್ದವು. ತಿದಿಯ ಬದಲು ಕರೆಂಟಿನ ಬ್ಲೋವರ್, ಉಳಿದದ್ದೆಲ್ಲ ಅದೇ. ನವಸಾಗರದ ಹೊಗೆ ಎದ್ದಾಗ ನನಗೆ ಕೆಮ್ಮೂ ಅಳುವೂ ಒಟ್ಟಿಗೇ ಬಂತು. ಅಬ್ಬಾಗೆ ವೀಡಿಯೊ ಕಾಲ್ ಮಾಡಿ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿ, ಉರಿ ಜಾಸ್ತಿಯಾಯಿತು ಎಂದರು. ಅಂಗಡಿಯವನು ತಲೆಯೆತ್ತಿ ಯಾರಿದು ಎಂದ, ನಮ್ಮ ಕಸುಬಿನವರೇ ಎಂದೆ, ಉರಿ ಕಡಿಮೆ ಮಾಡಿದ. ಅಬ್ಬಾನ ದಖನಿಗೆ ಅವನು ನಗಲಿಲ್ಲ.

ಹಿಂತಿರುಗುವ ದಾರಿಯಲ್ಲಿ ಫೋನಿನಲ್ಲೇ ಅಬ್ಬಾಗೆ ಹೇಳಿದೆ, ಇದನ್ನೆಲ್ಲ ಬಿಟ್ಟುಬಿಟ್ಟಿರಲ್ಲ, ಊರಿನವರೆಲ್ಲ ಗುಂಪಿನಲ್ಲಿ ಎಷ್ಟು ನೆನೆಯುತ್ತಾರೆ ಗೊತ್ತಾ ಎಂದು. ಅದಕ್ಕೆ ಅವರು ಹೇಳಿದ ಮಾತನ್ನು ನಿಮಗೆ ತಲುಪಿಸಲೆಂದೇ ಇದನ್ನು ಬರೆಯುತ್ತಿದ್ದೇನೆ.

‘ನೆನ್ಕೊಳ್ಳಿ ಬಿಡು, ಉಂಡೋರು ನೆನ್ಕೊಂತಾರೆ. ನಾನು ಒಂದೊಂದ್ ಮದ್ವೆಗೂ ಎರಡೆರಡು ದಿನ ನಿದ್ದೆ ಮಾಡ್ತಿರ್ಲಿಲ್ಲ. ನನ್ ಕೈಯಾಗಿನ ಪಾತ್ರೇಲಿ ಉಂಡ್ ಯಾರ್ ವಾಂತಿ ಮಾಡ್ಕೊಂತಾರೋ ಅಂತ. ಅದ್ಕೇ ಮೊದಲ್ನೇ ಸೌಟು ನಾನೇ ಇಸ್ಕೊಂಡು ಉಣ್ತಿದ್ದೆ. ಸ್ಟೀಲ್ ಬಂತು, ನಂಗೆ ನಿದ್ದೆ ಬಂತು ಕಣಮ್ಮ.’

ಅದು ನನಗೆ ಚೆನ್ನಾಗಿ ನೆನಪಿತ್ತು. ಮದುವೆ ಮನೆಗಳಲ್ಲಿ ಪಂಕ್ತಿ ಕೂರುವ ಮೊದಲೇ ಅಡುಗೆಯವರು ಅಬ್ಬಾಗೆ ಹಿತ್ತಲಲ್ಲಿ ಒಂದು ಎಲೆ ಹಾಕುತ್ತಿದ್ದರು. ಅದು ಅವರಿಗೆ ಕೊಡುವ ಮರ್ಯಾದೆ ಅಂತ ನಾನು ಇಷ್ಟು ವರ್ಷ ತಿಳಿದಿದ್ದೆ, ಗುಂಪಿನಲ್ಲಿ ಹಾಗೇ ಬರೆದೂ ಇದ್ದೆ. ಜೊತೆಗೇ ನಡೆಯುತ್ತಿದ್ದ ಶಬಾನಾಗೆ ಈ ಮಾತು ಹೇಳಿದಾಗ ಅವಳು ನನ್ನ ಕೈಯಿಂದ ತಪ್ಪಲೆ ತೆಗೆದುಕೊಂಡು ತಾನೇ ಹೊತ್ತಳು. ಆ ಭಾನುವಾರ ಕಲಾಯಿ ತಪ್ಪಲೆಯಲ್ಲಿ ದಾಲ್ಚಾ ಮಾಡಿ, ಅವರಿಬ್ಬರ ಎದುರಿಗೆ ಮೊದಲು ನಾನು ಉಂಡೆ. ಅರ್ಧ ಗಂಟೆ ಕಾದೆವು. ದಾದಿ ಗೊಣಗುತ್ತಲೇ ಇದ್ದರು.

ಈಗ ರಜೆಗೆ ತರೀಕೆರೆಗೆ ಬಂದಿದ್ದೇನೆ. ಹೊರಡುವಾಗ ತಪ್ಪಲೆಯನ್ನು ಬ್ಯಾಗಿಗೆ ತುಂಬಿದ್ದೆ. ದಾದಿ ಅದನ್ನು ತೆಗೆದು ತಮ್ಮ ಮಂಚದ ಕೆಳಗೆ ಇಟ್ಟುಕೊಂಡು, ಇದು ಇಲ್ಲಿದ್ದರೆ ನೀನು ವಾಪಸು ಬರುತ್ತೀಯ ಎಂದರು. ಮನೆಗೆ ಬಂದವಳು ಅಬ್ಬಾಗೆ ಅಂಜುತ್ತಲೇ ಹೇಳಿದೆ, ಅಮ್ಮಿಯ ತಪ್ಪಲೆ ಅಲ್ಲೇ ಉಳಿಯಿತು ಎಂದು. ಅವರು ಒಳ್ಳೆಯದೇ ಆಯಿತು, ಕಲಾಯಿ ಮಾಡುವವರು ಇರುವ ಕಡೆ ಇರಲಿ ಎಂದರು. ಇಲ್ಲಿ ಮಗಳು ನನ್ನ ಮಾತು ಕೇಳಿ, ಅಮ್ಮಾ, ಇದೇನು ಅಲ್ಲಿಯವರ ಹಾಗೆ ಮಾತಾಡುತ್ತೀಯ ಎಂದು ನಗುತ್ತಾಳೆ. ಎರಡು ಕಡೆಯೂ ನಗಿಸುವುದೇ ನನ್ನ ಹಣೆಬರಹ. ಬೆಳಗಾದರೆ ಸುತ್ತಿಗೆ ಸದ್ದಿಲ್ಲದೆ ತಾನಾಗೇ ಎಚ್ಚರವಾಗಿ, ಎಲ್ಲಿದ್ದೇನೆಂದು ಒಂದು ಗಳಿಗೆ ತಿಳಿಯುವುದಿಲ್ಲ.

ನಿನ್ನೆ ಮಧ್ಯಾಹ್ನ ಸ್ಟೀಲ್ ಪಾತ್ರೆಯ ದಾಲ್ಚಾ ಬಡಿಸಿಕೊಂಡು ಎಲ್ಲರೂ ಕೂತಿದ್ದೆವು. ರುಚಿಯಲ್ಲಿ ಏನೂ ಕಡಿಮೆ ಇರಲಿಲ್ಲ. ಆಗ ಶಬಾನಾ ಫೋನ್ ಮಾಡಿದಳು. ನಾನು ಬಿಟ್ಟುಬಂದಿದ್ದ ಹುಣಸೆಹಣ್ಣು ಹಾಕಿ, ದಾದಿಯ ಕಾಟ ತಡೆಯಲಾರದೆ, ಆ ತಪ್ಪಲೆಯಲ್ಲೇ ಹುಳಿ ಬೇಳೆ ಮಾಡಿದ್ದಳಂತೆ. ನನ್ನ ಕೈ ತುತ್ತಿನ ಮೇಲೇ ನಿಂತಿತು.

‘ಹೆದರಬೇಡಿ,’ ಎಂದಳು. ‘ಮೊದಲು ನಾನೇ ಉಂಡೆ. ಅರ್ಧ ಗಂಟೆ ಆಯ್ತು, ಏನೂ ಆಗಿಲ್ಲ. ಅತ್ತೆಗೆ ಬಡಿಸಲಾ?’

ಸ್ಪೀಕರಿನಲ್ಲಿ ಕೇಳಿಸಿಕೊಂಡ ಅಬ್ಬಾ ತಟ್ಟೆಯಿಂದ ತಲೆಯೆತ್ತಿದರು. ಕಣ್ಣು ತುಂಬಿತ್ತು.

‘ಬಡ್ಸಕ್ಕೆ ಹೇಳು,’ ಎಂದರು.

ಬಡಿಸು ಎಂದೆ.